ತಾಳಮದ್ದಳೆಯ ಹಳೆ ಫೈಲುಗಳನ್ನು ಎಂಪಿ3 ಮಾಡಬೇಕು, ಪುಕ್ಕಟೆ ಸಾಫ್ಟ್‌ವೇರ್ ಯಾವುದು?

ಪ್ರಶ್ನೆ: ನಮ್ಮೂರು ಶಿರಸಿ ಹತ್ತಿರ. ಅಪ್ಪ ಎಂಬತ್ತರ ದಶಕದಿಂದ ತಾಳಮದ್ದಳೆ, ಯಕ್ಷಗಾನದ ಕ್ಯಾಸೆಟ್ ಕೂಡಿಟ್ಟವರು. ಹದಿನೈದು ವರ್ಷದ ಹಿಂದೆ ಪೇಟೆಯ ಅಂಗಡಿಯಲ್ಲಿ ಕೆಲವನ್ನು ಸಿಡಿ ಮಾಡಿಸಿ, ಆ ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿದ್ದೆ. ಅವು ಡಬ್ಲ್ಯುಎಂಎ ಆಗಿ ಕೂತಿವೆ. ಇನ್ನು ಕೆಲವು ವೇವ್ ಫೈಲುಗಳು. ಅಪ್ಪ ಹಳೆ ಕೀಪ್ಯಾಡ್ ಫೋನಿನಲ್ಲಿ ತಾವೇ ರೆಕಾರ್ಡ್ ಮಾಡಿಕೊಂಡ ಎಎಂಆರ್ ಫೈಲುಗಳೂ ಸುಮಾರಿವೆ. ವಾಟ್ಸಾಪಿನಲ್ಲಿ ಬಂದ ಓಪಸ್ ಫೈಲುಗಳು ಬೇರೆ. ಕಾರಿನ ಸ್ಟೀರಿಯೊ ಎಂಪಿ3 ಬಿಟ್ಟು ಬೇರೇನೂ ಓದುವುದಿಲ್ಲ. ದುಡ್ಡು ಕೊಡದೆ ಎಲ್ಲವನ್ನೂ ಎಂಪಿ3 ಮಾಡುವುದು ಹೇಗೆ? ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ, ಮೂರು ನಿಮಿಷ ಬದಲಾಯಿಸಿ ದುಡ್ಡು ಕೇಳಿತು. ಇನ್ನೊಂದು ಸಂಶಯ: 320 ಕೆಬಿಪಿಎಸ್‌ಗೆ ಏರಿಸಿದರೆ ಹಳೆ ರೆಕಾರ್ಡಿಂಗ್ ಸ್ವಲ್ಪ ಸ್ಪಷ್ಟ ಆಗುತ್ತದಾ?

ಉತ್ತರ: ಮೊದಲು ಸಾಫ್ಟ್‌ವೇರ್ ಹೆಸರು ಹೇಳಿಬಿಡುತ್ತೇನೆ. ಇಷ್ಟು ಸಾಕು ಅನ್ನುವವರು ಇಲ್ಲೇ ಎದ್ದು ಹೋಗಬಹುದು. ರಾಶಿ ಫೈಲು ಒಟ್ಟಿಗೆ ಬದಲಾಯಿಸಲು ಫ್ರೀಯಾಕ್. ಅದು ಒಪ್ಪದ ಹಠಮಾರಿ ಫೈಲುಗಳಿಗೆ ಎಫ್‌ಎಫ್‌ಎಂಪೆಗ್. ಕತ್ತರಿಸುವುದು, ಸದ್ದು ಏರಿಸುವುದು ಇದ್ದರೆ ಆಡಾಸಿಟಿ. ಒಂದೆರಡು ಫೈಲು ಮಾತ್ರ ಇದ್ದರೆ ನಿಮ್ಮಲ್ಲಿ ಈಗಾಗಲೇ ಇರಬಹುದಾದ ವಿಎಲ್‌ಸಿಯೇ ಸಾಕು. ನಾಲ್ಕೂ ಪುಕ್ಕಟೆ. ಪುಕ್ಕಟೆ ಮಾತ್ರ ಅಲ್ಲ, ಮುಕ್ತ ತಂತ್ರಾಂಶ. ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. ಮೂರು ನಿಮಿಷ ಆದ ಮೇಲೆ ಕೈಚಾಚುವ ಚಾಳಿ ಇವುಗಳಲ್ಲಿ ಇಲ್ಲ.

ಆದರೆ ಈಗಲೇ ಎಲ್ಲವನ್ನೂ ಆಯ್ಕೆ ಮಾಡಿ ಬದಲಾಯಿಸಲು ಹೊರಡಬೇಡಿ. ನಿಮ್ಮ ಎರಡನೇ ಸಂಶಯ ನೋಡಿದ ಮೇಲೆ ಇದನ್ನು ಹೇಳಲೇಬೇಕು ಅನ್ನಿಸಿತು.

ಕೆಬಿಪಿಎಸ್ ಅಂದರೆ ಒಂದು ಸೆಕೆಂಡಿನ ಸದ್ದಿಗೆ ಎಷ್ಟು ಸಾವಿರ ಬಿಟ್ ಬಳಸಿದೆ ಅನ್ನುವ ಲೆಕ್ಕ, ಬಿಟ್‌ರೇಟ್ ಅನ್ನುವುದೂ ಅದನ್ನೇ. ಅದನ್ನು 320ಕ್ಕೆ ಏರಿಸಿದರೆ ಸ್ಪಷ್ಟ ಆಗುವುದಿಲ್ಲ. ಫೈಲು ದಪ್ಪ ಆಗುತ್ತದೆ, ಅಷ್ಟೇ. ಎಂಪಿ3, ಡಬ್ಲ್ಯುಎಂಎ, ಎಎಂಆರ್, ಓಪಸ್, ಐಫೋನಿನ ಎಎಸಿ ಇವೆಲ್ಲ ಶಬ್ದದ ಒಂದಷ್ಟು ಭಾಗವನ್ನು ಬಿಸಾಡಿಯೇ ಫೈಲನ್ನು ಚಿಕ್ಕದು ಮಾಡುತ್ತವೆ. ಜೋರು ಸದ್ದಿನ ಪಕ್ಕದ ಮೆಲು ಸದ್ದು ನಮ್ಮ ಕಿವಿಗೆ ಕೇಳುವುದಿಲ್ಲ ಅಲ್ವಾ? ಅಂಥದ್ದನ್ನು ಹುಡುಕಿ ತೆಗೆಯುತ್ತವೆ. ತೆಗೆದದ್ದು ಹೋಯಿತು. ನೀವು ಅಡಿಕೆ ಸೀಮೆಯವರು. ಸುಲಿದ ಅಡಿಕೆಗೆ ಸಿಪ್ಪೆ ಮತ್ತೆ ಅಂಟಿಸಿ ಮರಕ್ಕೆ ಕಟ್ಟಿದರೆ ಅದು ಹಸಿ ಗೊನೆ ಆಗುತ್ತದಾ? 64 ಕೆಬಿಪಿಎಸ್ ಫೈಲನ್ನು 320 ಮಾಡುವುದೂ ಅದೇ ಕಥೆ.

ಅಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಸುಮ್ನೆ ಜಾಗ ದಂಡ ಅಂದುಕೊಳ್ಳಬಹುದಿತ್ತು. ಆದರೆ ಪ್ರತಿ ಸಲ ಬದಲಾಯಿಸುವಾಗಲೂ ಹೊಸದಾಗಿ ಸ್ವಲ್ಪ ಕಳೆದುಹೋಗುತ್ತದೆ. ಡಬ್ಲ್ಯುಎಂಎ ಮಾಡುವಾಗ ಒಮ್ಮೆ ಹೋಗಿದೆ. ಅದನ್ನು ಎಂಪಿ3 ಮಾಡುವಾಗ ಇನ್ನೊಮ್ಮೆ. ನಾಳೆ ಯಾರೋ ಆ ಎಂಪಿ3ಯನ್ನು ಇನ್ನೂ ಚಿಕ್ಕದು ಮಾಡಿ ವಾಟ್ಸಾಪಿಗೆ ಹಾಕಿದರೆ ಮತ್ತೊಮ್ಮೆ. ಜೆರಾಕ್ಸಿನ ಜೆರಾಕ್ಸ್ ತೆಗೆಸುತ್ತಾ ಹೋದರೆ ಅಕ್ಷರ ಮಸುಕಾಗುವುದಿಲ್ಲವೇ, ಹಾಗೆ.

ಯಕ್ಷಗಾನದಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಎಂಪಿ3 ಶಬ್ದವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ ಹಿಂಡುತ್ತದೆ. ಹಿಂಡುವಾಗ ಆದ ತಪ್ಪು ಆ ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಚಂಡೆಯ ಪೆಟ್ಟು ತುಂಡಿನ ನಡುವೆ ಇದ್ದರೆ, ಪೆಟ್ಟು ಬೀಳುವ ಮೊದಲೇ ಒಂದು ಪುಟ್ಟ ಸುಯ್ ಸದ್ದು ಬರುತ್ತದೆ. ಭಾಗವತರ ತಾಳದ ಸದ್ದು ನೀರಿನಲ್ಲಿ ಅದ್ದಿ ತೆಗೆದ ಹಾಗೆ ಕೇಳುತ್ತದೆ. ವೀಣೆಯದೋ ಕೊಳಲಿನದೋ ರೆಕಾರ್ಡಿಂಗಿನಲ್ಲಿ ಇದು ಅಷ್ಟು ಕಾಣುವುದಿಲ್ಲ. ಚಂಡೆ, ತಾಳ ಅಂದರೆ ಎಂಪಿ3ಗೆ ಸ್ವಲ್ಪ ಅಲರ್ಜಿ. ಬಿಟ್‌ರೇಟ್ ಕಡಿಮೆ ಇದ್ದಷ್ಟೂ ಜಾಸ್ತಿ.

ನಾನೂ ಈ ತಪ್ಪು ಮಾಡಿದವನೇ. ಮನೆಯ ಕಂಪ್ಯೂಟರಿನಲ್ಲಿ 40 ಜಿಬಿ ಹಾರ್ಡ್ ಡಿಸ್ಕ್ ಇದ್ದ ಕಾಲ. ಅಜ್ಜಿಯ ಹಸೆ ಹಾಡುಗಳನ್ನು ಕ್ಯಾಸೆಟ್ಟಿನಿಂದ ವೇವ್ ಮಾಡಿದ್ದೆ. ಜಾಗ ತುಂಬಿತು ಅಂತ ಎಲ್ಲವನ್ನೂ 64 ಕೆಬಿಪಿಎಸ್ ಎಂಪಿ3 ಮಾಡಿ, ವೇವ್ ಅಳಿಸಿಬಿಟ್ಟೆ. ಕ್ಯಾಸೆಟ್ ಇದೆಯಲ್ಲ ಅನ್ನುವ ಧೈರ್ಯ. ಮೂರು ಮಳೆಗಾಲ ಕಳೆದು ಪೆಟ್ಟಿಗೆ ತೆಗೆದರೆ ಟೇಪಿನ ಮೇಲೆ ಬಿಳಿ ಬೂಷ್ಟು. ಈಗ ಮನೆಯಲ್ಲಿ ಉಳಿದಿರುವುದು ಆ 64ರ ಫೈಲುಗಳು ಮಾತ್ರ.

ಅದಕ್ಕೇ ನಿಮ್ಮ ನಾಲ್ಕು ಬಗೆಯ ಫೈಲುಗಳಿಗೆ ನಾಲ್ಕು ಬೇರೆ ಉತ್ತರ ಕೊಡುತ್ತೇನೆ. ಒಂದೇ ಸಾಫ್ಟ್‌ವೇರಿಗೆ ಎಲ್ಲವನ್ನೂ ಸುರಿದು ಗುಂಡಿ ಒತ್ತುವ ಕೆಲಸ ಇದಲ್ಲ.

ವೇವ್ ಫೈಲುಗಳಿಂದ ಶುರು ಮಾಡೋಣ. ನಿಮ್ಮ ಹತ್ತಿರ ಇರುವುದರಲ್ಲಿ ಇವೇ ಬಂಗಾರ. ವೇವ್‌ನಲ್ಲಿ ಸಾಮಾನ್ಯವಾಗಿ ಏನನ್ನೂ ಬಿಸಾಡಿರುವುದಿಲ್ಲ. ಸಿಡಿ ಗುಣಮಟ್ಟ ಅಂದರೆ ಸೆಕೆಂಡಿಗೆ 44,100 ಸಲ, ಎರಡು ಚಾನೆಲ್‌ನಲ್ಲಿ, 16 ಬಿಟ್‌ನಂತೆ ಶಬ್ದದ ಅಳತೆ ಬರೆದಿಟ್ಟಿರುವುದು. ಲೆಕ್ಕ ಹಾಕಿದರೆ 1,411 ಕೆಬಿಪಿಎಸ್. ಒಂದು ಗಂಟೆಗೆ ಸುಮಾರು 635 ಎಂಬಿ. ಇವನ್ನು ಫ್ಲ್ಯಾಕ್ ಮಾಡಿ ಇಟ್ಟುಕೊಳ್ಳಿ. ಫ್ಲ್ಯಾಕ್ 2001ರಲ್ಲಿ ಬಂದ ಮುಕ್ತ ಫಾರ್ಮ್ಯಾಟ್. ಅದು ಏನನ್ನೂ ಬಿಸಾಡುವುದಿಲ್ಲ. ಪಂಚೆ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟ ಹಾಗೆ, ಬಿಚ್ಚಿದರೆ ಅದೇ ಪಂಚೆ, ಒಂದು ನೂಲೂ ಕಡಿಮೆ ಇಲ್ಲ. ಗಾತ್ರ ಮಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಪ್ರಸಂಗದ ಹೆಸರು, ಭಾಗವತರ ಹೆಸರು, ಅರ್ಥಧಾರಿಗಳ ಹೆಸರು, ಆಟ ನಡೆದ ಊರು ಎಲ್ಲವನ್ನೂ ಫೈಲಿನ ಒಳಗೇ ಬರೆದಿಡಬಹುದು. ಕನ್ನಡದಲ್ಲೇ. ವೇವ್‌ನಲ್ಲಿ ಈ ಅನುಕೂಲ ಸರಿಯಾಗಿಲ್ಲ. ಕಾರಿಗೆ ಬೇಕಾದ ಎಂಪಿ3ಯನ್ನು ಈ ಫ್ಲ್ಯಾಕ್‌ನಿಂದ ಬೇರೆಯಾಗಿ ತೆಗೆಯಿರಿ. ಕಾರಿನ ಪೆನ್‌ಡ್ರೈವ್ ಕಳೆದರೆ ಇನ್ನೊಂದು ಮಾಡಿಕೊಂಡರಾಯಿತು.

ಇನ್ನು ಡಬ್ಲ್ಯುಎಂಎ. ಇಲ್ಲಿ ನನ್ನದೇ ಒಂದು ಪ್ರಶ್ನೆ: ಆ ಸಿಡಿಗಳು ಇನ್ನೂ ಇವೆಯಾ? ಇದ್ದರೆ ಡಬ್ಲ್ಯುಎಂಎಯನ್ನು ಮುಟ್ಟಲೇ ಬೇಡಿ. ಆಗಿನ ವಿಂಡೋಸ್ ಮೀಡಿಯಾ ಪ್ಲೇಯರ್ ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವಾಗ, ಬೇರೆ ಹೇಳದಿದ್ದರೆ ತನ್ನಷ್ಟಕ್ಕೆ ಡಬ್ಲ್ಯುಎಂಎ ಮಾಡಿಕೊಳ್ಳುತ್ತಿತ್ತು. ನೀವು ಆರಿಸಿದ್ದಲ್ಲ, ಅದೇ ಆರಿಸಿದ್ದು. ಈಗ ಅದೇ ಸಿಡಿಯನ್ನು ಮತ್ತೆ ಹಾಕಿ ಫ್ರೀಯಾಕ್‌ನಿಂದ ನೇರವಾಗಿ ಫ್ಲ್ಯಾಕ್ ಮಾಡಿಕೊಂಡರೆ ಒಂದು ಸಲದ ನಷ್ಟ ಪೂರ್ತಿ ತಪ್ಪುತ್ತದೆ. ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲ ಅನ್ನುತ್ತೀರಿ. ಯುಎಸ್‌ಬಿಗೆ ಚುಚ್ಚುವ ಹೊರಗಿನ ಡ್ರೈವ್ ಸಿಗುತ್ತದೆ, ಯಾರದ್ದಾದರೂ ನಾಲ್ಕು ದಿನಕ್ಕೆ ಕೇಳಿ ತನ್ನಿ. ತಡ ಮಾಡಬೇಡಿ. ಅಂಗಡಿಯಲ್ಲಿ ಬರೆಸಿದ ಸಿಡಿ ಅಂಗಡಿಯಲ್ಲಿ ಕೊಂಡ ಸಿಡಿಯಷ್ಟು ಬಾಳುವುದಿಲ್ಲ, ಅದರ ಬಣ್ಣದ ಪದರ ಕಾಲ ಕಳೆದಂತೆ ಕೆಡುತ್ತದೆ. ಮಲೆನಾಡಿನ ತೇವ ಬೇರೆ.

ಸಿಡಿ ಹಾಕಿದಾಗ ಒಳಗೆ ಎಂಪಿ3 ಫೈಲುಗಳೇ ಕಂಡರೆ ಅಂಗಡಿಯವರು ಆಗಲೇ ಎಂಪಿ3 ಮಾಡಿ ಕೊಟ್ಟಿದ್ದಾರೆ ಅಂತ ಅರ್ಥ. ಆಗ ಬದಲಾಯಿಸುವ ಮಾತೇ ಇಲ್ಲ. ಹಾಗೇ ಕಾಪಿ ಮಾಡಿಕೊಳ್ಳಿ.

ಸಿಡಿ ಇಲ್ಲ, ಡಬ್ಲ್ಯುಎಂಎ ಒಂದೇ ಗತಿ ಎನ್ನುವುದಾದರೆ ಅದನ್ನೇ ಮೂಲ ಅಂದುಕೊಂಡು ಜೋಪಾನ ಮಾಡಿ. ಕಾರಿಗೆ 192 ಕೆಬಿಪಿಎಸ್ ಎಂಪಿ3 ತೆಗೆಯಿರಿ. ಡಬ್ಲ್ಯುಎಂಎಯನ್ನು ಫ್ಲ್ಯಾಕ್ ಮಾಡಿ ಇಡುವುದರಲ್ಲಿ ಲಾಭ ಇಲ್ಲ, ಮತ್ತೆ ಅದೇ ಸಿಪ್ಪೆ ಅಂಟಿಸುವ ಕೆಲಸ. ಕೆಲವು ಫೈಲುಗಳು ಯಾವ ಸಾಫ್ಟ್‌ವೇರಿಗೂ ಬಗ್ಗದೆ ಇರಬಹುದು. ಆ ಕಾಲದ ಮೀಡಿಯಾ ಪ್ಲೇಯರಿನಲ್ಲಿ ಕಾಪಿ ಪ್ರೊಟೆಕ್ಟ್ ಅನ್ನುವ ಆಯ್ಕೆ ಇತ್ತು. ಅದು ಆನ್ ಆಗಿದ್ದರೆ ಫೈಲಿಗೆ ಬೀಗ ಬಿದ್ದಿರುತ್ತದೆ, ಮಾಡಿದ ಕಂಪ್ಯೂಟರಿನಲ್ಲಿ ಬಿಟ್ಟು ಬೇರೆ ಕಡೆ ಓಡುವುದಿಲ್ಲ. ವಿಎಲ್‌ಸಿಯಲ್ಲಿ ಹಾಕಿ ನೋಡಿ. ಸದ್ದು ಬಂದರೆ ಸರಿ.

ಎಎಂಆರ್ ವಿಷಯ ಸ್ವಲ್ಪ ಉದ್ದ ಇದೆ. ನಿಜ ಹೇಳಬೇಕೆಂದರೆ ನಿಮ್ಮ ಕಾಗದದಲ್ಲಿ ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದೂ ಅದೇ. ಎಎಂಆರ್ ಸಂಗೀತಕ್ಕೆ ಮಾಡಿದ್ದಲ್ಲ, ಮೊಬೈಲ್ ಕರೆಗೆ ಮಾಡಿದ್ದು. 1999ರಲ್ಲಿ ಮೊಬೈಲ್ ಜಾಲಗಳ ಮಾನಕವಾಯಿತು. ಅದು ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುತ್ತದೆ. ಹಾಗಾಗಿ ಸುಮಾರು 3,400 ಹರ್ಟ್ಸ್‌ಗಿಂತ ಮೇಲಿನ ಶಬ್ದ ಅದರಲ್ಲಿ ಇರುವುದೇ ಇಲ್ಲ. ಬಿಟ್‌ರೇಟ್ ಹೆಚ್ಚೆಂದರೆ 12.2 ಕೆಬಿಪಿಎಸ್. ಇದರಲ್ಲಿ ಅರ್ಥಧಾರಿಯ ಮಾತು ಪರವಾಗಿಲ್ಲ ಅನ್ನುವಷ್ಟು ಕೇಳುತ್ತದೆ. ಪದ್ಯ ಬಂದೊಡನೆ ಕೆಡುತ್ತದೆ. ಏಕೆಂದರೆ ಎಎಂಆರ್ ಮನುಷ್ಯನ ಗಂಟಲಿನ ಮಾದರಿ ಇಟ್ಟುಕೊಂಡು ಕೆಲಸ ಮಾಡುತ್ತದೆ. ಮದ್ದಳೆಗೆ ಗಂಟಲು ಎಲ್ಲಿದೆ?

ಎಎಂಆರ್ ಬದಲಾಯಿಸಲು ಎಫ್‌ಎಫ್‌ಎಂಪೆಗ್ ಒಳ್ಳೆಯದು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2000ದಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಇದು. ಜಗತ್ತಿನಲ್ಲಿ ಎಷ್ಟೋ ದುಡ್ಡಿನ ಕನ್ವರ್ಟರುಗಳ ಒಳಗೆ ಕೂತು ನಿಜವಾದ ಕೆಲಸ ಮಾಡುವುದು ಇದೇ. ಮೇಲೆ ಬಣ್ಣದ ಗುಂಡಿಗಳನ್ನು ಜೋಡಿಸಿ ಮಾರುತ್ತಾರೆ. ಇದಕ್ಕೆ ಗುಂಡಿಗಳಿಲ್ಲ, ಕಿಟಕಿ ಇಲ್ಲ. ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಪರದೆಯಲ್ಲಿ ಒಂದು ಸಾಲು ಬರೆಯಬೇಕು. ಹೆದರುವಂಥದ್ದಲ್ಲ. ಮೊದಲು ಸಾಫ್ಟ್‌ವೇರಿನ ಹೆಸರು. ಒಂದು ಜಾಗ ಬಿಟ್ಟು ಹೈಫನ್ ಮತ್ತು ಇಂಗ್ಲಿಷಿನ ಸಣ್ಣ ಐ ಅಕ್ಷರ. ಆಮೇಲೆ ನಿಮ್ಮ ಎಎಂಆರ್ ಫೈಲಿನ ಹೆಸರು. ಕೊನೆಗೆ ನಿಮಗೆ ಬೇಕಾದ ಹೊಸ ಹೆಸರು, ಅದರ ಬಾಲದಲ್ಲಿ ಡಾಟ್ ಎಂಪಿ3. ಎಂಟರ್ ಒತ್ತಿ. ಬಾಲ ನೋಡಿಯೇ ಏನು ಮಾಡಬೇಕು ಅಂತ ಅದು ತಿಳಿದುಕೊಳ್ಳುತ್ತದೆ. ಫೈಲಿನ ಹೆಸರಿನಲ್ಲಿ ಜಾಗ ಬಿಟ್ಟಿದ್ದರೆ ಹೆಸರಿನ ಎರಡೂ ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಬೇಕು. ಮೊದಲ ದಿನ ಎಲ್ಲರೂ ಎಡವುವುದು ಅಲ್ಲೇ.

ಎಎಂಆರ್‌ಗೆ ಮಾತ್ರ ಇನ್ನೊಂದು ತುಂಡು ಸೇರಿಸಿ. ಹೊಸ ಹೆಸರಿಗೆ ಮೊದಲು ಹೈಫನ್, ಎ ಮತ್ತು ಆರ್ ಅಕ್ಷರ, ಒಂದು ಜಾಗ, 44100 ಅಂತ ಬರೆಯಿರಿ. ಕಾರಣ ಇದೆ. ಹಾಗೆ ಹೇಳದಿದ್ದರೆ ಎಂಪಿ3 ಕೂಡ 8,000 ಹರ್ಟ್ಸ್‌ನಲ್ಲೇ ತಯಾರಾಗುತ್ತದೆ. ಅದೂ ಎಂಪಿ3ಯೇ. ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಚೆನ್ನಾಗಿ ಓಡುತ್ತದೆ. ಆದರೆ ಹಲವು ಕಾರ್ ಸ್ಟೀರಿಯೊಗಳು ಇಂಥ ಫೈಲನ್ನು ಎಂಪಿ3 ಅಂತ ಗುರುತಿಸುವುದೇ ಇಲ್ಲ. ಎಂಪಿ3 ಮಾಡಿದರೂ ಕಾರಲ್ಲಿ ಓಡುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುವವರ ಫೈಲು ತೆಗೆದು ನೋಡಿದರೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. 44,100ಕ್ಕೆ ಏರಿಸುವುದರಿಂದ ಸದ್ದು ಸುಧಾರಿಸುವುದಿಲ್ಲ, ಸ್ಟೀರಿಯೊ ಒಪ್ಪಿಕೊಳ್ಳುತ್ತದೆ.

ಎಎಂಆರ್ ಫೈಲುಗಳ ಸದ್ದು ಬಹಳ ಸಣ್ಣಗಿದ್ದರೆ ಆಡಾಸಿಟಿಯಲ್ಲಿ ತೆರೆದು ಏರಿಸಬಹುದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಅದು. ಅದಕ್ಕೆ ಎಎಂಆರ್, ಡಬ್ಲ್ಯುಎಂಎ ಓದಲು ಬರುವುದು ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಬೇರೆಯಾಗಿ ಹಾಕಿದ ಮೇಲೆ ಮಾತ್ರ. ಗೊರಗೊರ ತೆಗೆಯುವ ಆಯ್ಕೆಯೂ ಇದೆ. ಅದನ್ನು ಉಪ್ಪಿನ ಹಾಗೆ ಬಳಸಿ. ಪೂರ್ತಿ ತೆಗೆಯಲು ಹೋದರೆ ಅರ್ಥಧಾರಿ ಕೊಡದ ಒಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ.

ವಾಟ್ಸಾಪಿನ ಓಪಸ್ ಸುಲಭ. ಓಪಸ್ 2012ರಲ್ಲಿ ಮಾನಕವಾದ ಮುಕ್ತ ಫಾರ್ಮ್ಯಾಟ್, ಕಡಿಮೆ ಬಿಟ್‌ರೇಟ್‌ನಲ್ಲಿ ಎಂಪಿ3ಗಿಂತ ಎಷ್ಟೋ ಜಾಣ. 32 ಕೆಬಿಪಿಎಸ್‌ನಲ್ಲೂ ಮಾತು ಸ್ಪಷ್ಟ. ಆ ಲೆಕ್ಕದಲ್ಲಿ ಎಂಟು ಗಂಟೆಯ ಇಡೀ ರಾತ್ರಿಯ ತಾಳಮದ್ದಳೆ 115 ಎಂಬಿಯಲ್ಲಿ ಕೂರುತ್ತದೆ. ಫೋನಿನಲ್ಲಿ ಕೇಳುವುದಾದರೆ ಓಪಸ್ ಹಾಗೇ ಇರಲಿ, ಬದಲಾಯಿಸುವ ಅಗತ್ಯವೇ ಇಲ್ಲ. ಯಾವುದೋ ಪ್ಲೇಯರ್ ಡಾಟ್ ಓಪಸ್ ಅನ್ನುವ ಬಾಲ ಕಂಡು ಮುಖ ತಿರುಗಿಸಿದರೆ ಬಾಲವನ್ನು ಡಾಟ್ ಓಜಿಜಿ ಅಂತ ಬದಲಿಸಿ ನೋಡಿ. ಒಳಗಿನ ಡಬ್ಬಿ ಓಗ್ ಫಾರ್ಮ್ಯಾಟಿನದೇ ಆದ್ದರಿಂದ ಇದು ಮೋಸ ಅಲ್ಲ. ಆದರೆ ಅದೇ ರೀತಿ ಬಾಲಕ್ಕೆ ಎಂಪಿ3 ಅಂತ ಬರೆದರೆ ಫೈಲು ಎಂಪಿ3 ಆಗುವುದಿಲ್ಲ. ವಿಎಲ್‌ಸಿ ಬಾಲ ನಂಬದೆ ಒಳಗೆ ಇಣುಕುತ್ತದೆ, ಅದಕ್ಕೆ ಅಲ್ಲಿ ಓಡುತ್ತದೆ. ಕಾರು ಇಣುಕುವುದಿಲ್ಲ.

ಇನ್ನು ಫ್ರೀಯಾಕ್ ಬಳಸುವ ಬಗೆ. ಹೆಸರು ಹುಡುಕುವುದೇ ಮೊದಲ ಕಷ್ಟ. ಇಂಗ್ಲಿಷಿನಲ್ಲಿ ಎಫ್, ಆರ್, ಇ, ನಡುವೆ ಎರಡು ಚುಕ್ಕೆ, ಆಮೇಲೆ ಎ, ಸಿ. ಜಾಲತಾಣದ ವಿಳಾಸದಲ್ಲಿ ಚುಕ್ಕೆಗಳಿಲ್ಲ, ಐದು ಅಕ್ಷರದ ನಂತರ ಡಾಟ್ ಆರ್ಗ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಫೈಲುಗಳನ್ನು ಎಳೆದು ಅದರ ಪಟ್ಟಿಯ ಮೇಲೆ ಬಿಡಿ. ಎಂಪಿ3 ಬೇಕಾದರೆ ಎನ್‌ಕೋಡರ್ (ಹೊಸ ಫೈಲು ತಯಾರಿಸುವ ಭಾಗ) ಜಾಗದಲ್ಲಿ ಲೇಮ್ ಅನ್ನುವುದನ್ನು ಆರಿಸಿ, ಮೂಲಕ್ಕಾದರೆ ಫ್ಲ್ಯಾಕ್. ಔಟ್‌ಪುಟ್ ಫೋಲ್ಡರ್ ಬೇರೆಯದೇ ಇರಲಿ, ಮೂಲ ಫೈಲು ಇರುವ ಫೋಲ್ಡರ್ ಬೇಡ. ಗುಂಡಿ ಒತ್ತಿ ಕಾಫಿ ಕುಡಿದು ಬನ್ನಿ. ಕೆಲಸ ಮುಗಿದ ಮೇಲೆ ಮೂಲವನ್ನು ಅಳಿಸಿಬಿಡುವ ಆಯ್ಕೆ ಕೆಲವು ಸಾಫ್ಟ್‌ವೇರುಗಳಲ್ಲಿ ಇರುತ್ತದೆ. ಎಲ್ಲೇ ಕಂಡರೂ ಅದರ ಟಿಕ್ ತೆಗೆಯಿರಿ.

ಬಿಟ್‌ರೇಟ್ ಎಷ್ಟು ಇಡಬೇಕು? ತಾಳಮದ್ದಳೆ ಒಂದೇ ಮೈಕಿನಲ್ಲಿ ರೆಕಾರ್ಡ್ ಆಗಿದ್ದರೆ ಎರಡು ಚಾನೆಲ್ ಇಟ್ಟುಕೊಂಡು ಏನು ಮಾಡುತ್ತೀರಿ, ಮೋನೊ ಮಾಡಿ 96 ಕೆಬಿಪಿಎಸ್ ಇಡಿ. ಚಂಡೆ ಇರುವ ಆಟಕ್ಕೆ ಸ್ಟೀರಿಯೊ, 192. ಕಾರು ಓಡುವಾಗ ಟೈರಿನ ಸದ್ದು, ಗಾಳಿ ಸದ್ದಿನ ನಡುವೆ 320ಕ್ಕೂ 192ಕ್ಕೂ ವ್ಯತ್ಯಾಸ ಹಿಡಿಯುವ ಕಿವಿ ನನಗಂತೂ ಇಲ್ಲ. 192ರಲ್ಲಿ ಗಂಟೆಗೆ 86 ಎಂಬಿ. ನೂರು ಗಂಟೆ ಅಂದರೂ 9 ಜಿಬಿ ದಾಟುವುದಿಲ್ಲ, 16 ಜಿಬಿ ಪೆನ್‌ಡ್ರೈವಿನಲ್ಲಿ ಹಾಯಾಗಿ ಹಿಡಿಯುತ್ತದೆ. ಒಂದು ಸಂಗತಿ ನೆನಪಿಡಿ: ವಿಬಿಆರ್ ಬೇಡ, ಸಿಬಿಆರ್ ಆರಿಸಿ. ಸಿಬಿಆರ್ ಅಂದರೆ ಉದ್ದಕ್ಕೂ ಒಂದೇ ಬಿಟ್‌ರೇಟ್. ವಿಬಿಆರ್ ಅಂದರೆ ಬೇಕಾದ ಕಡೆ ಜಾಸ್ತಿ, ಬೇಡದ ಕಡೆ ಕಡಿಮೆ ಬಿಟ್ ಬಳಸುವುದು. ಅದೇ ಜಾಣತನ, ನಿಜ. ಆದರೆ ಹಳೆ ಸ್ಟೀರಿಯೊಗಳು ಲೆಕ್ಕ ತಪ್ಪಿ ನಲವತ್ತು ನಿಮಿಷದ ಫೈಲಿಗೆ ಎರಡು ಗಂಟೆ ಅಂತ ತೋರಿಸಬಹುದು, ಮುಂದಕ್ಕೆ ಓಡಿಸಿದರೆ ಎಲ್ಲಿಗೋ ಹೋಗಿ ನಿಲ್ಲಬಹುದು.

ವಿಎಲ್‌ಸಿಯಲ್ಲಿ ಮಾಡುವುದಾದರೆ ಮೀಡಿಯಾ ಮೆನುವಿನ ಕೆಳಗೆ ಕನ್ವರ್ಟ್ ಅನ್ನುವ ಆಯ್ಕೆ ಇದೆ. ಕಂಟ್ರೋಲ್ ಮತ್ತು ಆರ್ ಒಟ್ಟಿಗೆ ಒತ್ತಿದರೂ ಬರುತ್ತದೆ. ಅದರ ಎಂಪಿ3 ಪ್ರೊಫೈಲ್ ತನ್ನಷ್ಟಕ್ಕೆ 128ರಲ್ಲಿ ಇರುತ್ತದೆ, ಪಕ್ಕದ ಸ್ಪ್ಯಾನರ್ ಚಿತ್ರ ಒತ್ತಿ 192 ಮಾಡಿಕೊಳ್ಳಿ. ರಾಶಿ ಫೈಲಿಗೆ ಇದನ್ನು ನಾನು ಬಳಸುವುದಿಲ್ಲ.

ಯಾರೋ ಫೋನಿನಲ್ಲಿ ತೆಗೆದ ಆಟದ ವಿಡಿಯೊದಿಂದ ಸದ್ದು ಮಾತ್ರ ಬೇಕು ಅನ್ನುವ ಸಂದರ್ಭವೂ ಬರುತ್ತದೆ. ಕಾಪಿಟ್ಟುಕೊಳ್ಳುವ ಪ್ರತಿಗೆ ಎಂಪಿ3 ಮಾಡಲು ಹೋಗಬೇಡಿ. ಎಫ್‌ಎಫ್‌ಎಂಪೆಗ್‌ಗೆ ಕಾಪಿ ಮಾಡು ಅಂತ ಹೇಳಿದರೆ ಒಳಗಿನ ಎಎಸಿ ಸದ್ದನ್ನು ಹಾಗೇ ಎತ್ತಿ ಎಂ4ಎ ಫೈಲಿನಲ್ಲಿ ಇಡುತ್ತದೆ. ಹಿಂಡುವುದಿಲ್ಲ, ಬರೀ ಡಬ್ಬಿ ಬದಲಾಯಿಸುತ್ತದೆ. ಮೂರು ಗಂಟೆಯ ವಿಡಿಯೊ ಆದರೂ ಕೆಲವೇ ಸೆಕೆಂಡು, ಗುಣಮಟ್ಟ ಚೂರೂ ಕಡಿಮೆ ಆಗುವುದಿಲ್ಲ.

ಎಂಪಿ3 ಮಾಡಲು ಎಲ್ಲರಿಗೂ ಈಗ ಇಷ್ಟು ಸಲೀಸಾಗಿರುವುದಕ್ಕೆ ಕಾರಣ ಒಂದಿದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ರೂಪಿಸಿದ ಫಾರ್ಮ್ಯಾಟ್ ಅದು. ಡಾಟ್ ಎಂಪಿ3 ಅನ್ನುವ ಬಾಲ 1995ರ ಜುಲೈಯಲ್ಲಿ ಗೊತ್ತು ಮಾಡಿದ್ದು. ಪೇಟೆಂಟ್ ಇದ್ದ ಕಾರಣ ಆಡಾಸಿಟಿಯಂಥ ಮುಕ್ತ ಸಾಫ್ಟ್‌ವೇರುಗಳು ಎಂಪಿ3 ಮಾಡುವ ಭಾಗವನ್ನು ಒಳಗೆ ಇಡಲು ಹೆದರುತ್ತಿದ್ದವು. ಲೇಮ್ ಅನ್ನುವುದನ್ನು ನಾವೇ ಬೇರೆ ಕಡೆಯಿಂದ ತಂದು ಕೂಡಿಸಬೇಕಿತ್ತು. 2017ರ ಏಪ್ರಿಲ್‌ನಲ್ಲಿ ಆ ಲೈಸೆನ್ಸ್ ಪದ್ಧತಿ ಮುಗಿಯಿತು. 2019ರಿಂದ ಲೇಮ್ ಆಡಾಸಿಟಿಯ ಒಳಗೇ ಬರುತ್ತಿದೆ. ಹಳೆ ವಿಡಿಯೊಗಳಲ್ಲಿ ಯಾರಾದರೂ ಲೇಮ್ ಇಳಿಸಿಕೊಳ್ಳಿ ಅಂದರೆ ಕಿವಿಗೊಡಬೇಡಿ.

ಇಳಿಸಿಕೊಳ್ಳುವ ಜಾಗದ ಬಗ್ಗೆ ಒಂದು ಮಾತು. ಸಾಫ್ಟ್‌ವೇರ್ ಪುಕ್ಕಟೆ ಅಂತ ಗೊತ್ತಿದ್ದೇ ಕೆಲವರು ಅದರ ಸುತ್ತ ಜಾಹೀರಾತು ಸುತ್ತಿ ಕೊಡುತ್ತಾರೆ. ಹುಡುಕಿದಾಗ ಮೇಲೆ ಬರುವ ಮೊದಲ ಕೊಂಡಿ ಎಷ್ಟೋ ಸಲ ಜಾಹೀರಾತೇ. ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಗುಂಡಿ ಕಂಡರೆ ಅಲ್ಲಿಂದ ಕಾಲ್ತೆಗೆಯಿರಿ. ವಿಎಲ್‌ಸಿಗೆ ವಿಡಿಯೊಲ್ಯಾನ್ ಡಾಟ್ ಆರ್ಗ್. 2022ರಲ್ಲಿ ಕೆಲವು ತಿಂಗಳು ಆ ತಾಣ ಭಾರತದಲ್ಲಿ ತೆರೆಯುತ್ತಿರಲಿಲ್ಲ, ನವೆಂಬರ್ ಹೊತ್ತಿಗೆ ತಡೆ ತೆರವಾಯಿತು. ಆ ತಿಂಗಳುಗಳಲ್ಲಿ ಸಿಕ್ಕಸಿಕ್ಕ ಕಡೆಯಿಂದ ಇಳಿಸಿಕೊಂಡಿದ್ದರೆ ಅದನ್ನು ತೆಗೆದು ಹೊಸದು ಹಾಕಿಕೊಳ್ಳಿ. ಎಫ್‌ಎಫ್‌ಎಂಪೆಗ್‌ನವರು ತಮ್ಮ ತಾಣದಲ್ಲಿ ಕೋಡ್ ಮಾತ್ರ ಇಡುತ್ತಾರೆ. ವಿಂಡೋಸಿಗೆ ತಯಾರಾದ ಫೈಲು ಎಲ್ಲಿ ಸಿಗುತ್ತದೆ ಅಂತ ಅಲ್ಲೇ ಕೊಂಡಿ ಕೊಟ್ಟಿದ್ದಾರೆ, ಅದನ್ನೇ ಹಿಡಿದು ಹೋಗಿ.

ಬ್ರೌಸರಿನಲ್ಲೇ ಬದಲಾಯಿಸಿಕೊಡುವ ತಾಣಗಳು? ಎರಡು ನಿಮಿಷದ ರಿಂಗ್‌ಟೋನಿಗೆ ಅಡ್ಡಿಯಿಲ್ಲ ಅನ್ನುವವರಿದ್ದಾರೆ. ನನಗೆ ಅದೂ ಇಷ್ಟವಿಲ್ಲ. 635 ಎಂಬಿಯ ಫೈಲನ್ನು ಹಳ್ಳಿಯ ನೆಟ್‌ವರ್ಕಿನಲ್ಲಿ ಮೇಲೆ ಕಳಿಸಿ, ಮತ್ತೆ ಕೆಳಗಿಳಿಸುವುದರಲ್ಲಿ ಅರ್ಥವೂ ಇಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇಂಥ ಪುಕ್ಕಟೆ ಕನ್ವರ್ಟರ್ ತಾಣಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಕೆಲವು ತಾಣಗಳು ಕೇಳಿದ ಕೆಲಸ ಮಾಡಿಕೊಟ್ಟು, ಜೊತೆಯಲ್ಲೇ ಕೆಟ್ಟ ತಂತ್ರಾಂಶವನ್ನೂ ಕಂಪ್ಯೂಟರಿಗೆ ತುರುಕುತ್ತವೆ ಅನ್ನುವುದು ಅದರ ಸಾರ.

ನೆಂಟರಿಷ್ಟರು ಒರಿಜಿನಲ್ ಕ್ವಾಲಿಟಿ ಅಂತ ಹೇಳಿ ಫ್ಲ್ಯಾಕ್ ಕೊಟ್ಟರೆ ನಂಬುವ ಮೊದಲು ಸ್ಪೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿ. ಶಬ್ದವನ್ನು ಬಣ್ಣದ ಚಿತ್ರ ಮಾಡಿ ತೋರಿಸುತ್ತದೆ. 16,000 ಹರ್ಟ್ಸ್ ಹತ್ತಿರ ಗೆರೆ ಎಳೆದು ಕತ್ತರಿಸಿದ ಹಾಗೆ ಮೇಲೆಲ್ಲ ಕಪ್ಪು ಕಂಡರೆ ಅದು ಬಹುತೇಕ 128ರ ಎಂಪಿ3ಗೆ ಫ್ಲ್ಯಾಕ್ ಅಂಗಿ ತೊಡಿಸಿದ್ದು. ಹಳೆ ಕ್ಯಾಸೆಟ್ಟಿನಿಂದ ತೆಗೆದದ್ದರಲ್ಲಿ ಮೇಲಿನ ಸದ್ದು ಮೊದಲೇ ಕಡಿಮೆ ಇರುತ್ತದೆ. ಆದರೆ ಅಲ್ಲಿ ನಿಧಾನಕ್ಕೆ ಮಸುಕಾಗುತ್ತದೆ, ಚಾಕುವಿನಲ್ಲಿ ಕೊಯ್ದ ಹಾಗೆ ಇರುವುದಿಲ್ಲ.

ಕಂಪನಿಯವರು ಮಾರಿದ ಕ್ಯಾಸೆಟ್ಟುಗಳೂ ನಿಮ್ಮ ಪೆಟ್ಟಿಗೆಯಲ್ಲಿ ಇರಬಹುದು. ಸ್ವಂತಕ್ಕೆ ಕೇಳಲು ಬದಲಾಯಿಸಿಕೊಳ್ಳುವುದು ಬೇರೆ, ಯೂಟ್ಯೂಬಿಗೆ ಹಾಕುವುದು ಬೇರೆ. ನಮ್ಮ ದೇಶದಲ್ಲಿ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಎಂಬತ್ತರ ದಶಕದ್ದಕ್ಕೆ ಇನ್ನೂ ಸಮಯ ಇದೆ. ಅಪ್ಪ ತಾವೇ ರೆಕಾರ್ಡ್ ಮಾಡಿದ್ದರೂ ಹಾಡಿದವರ, ಅರ್ಥ ಹೇಳಿದವರ ಹಕ್ಕು ಇದೆ. ಅವರ ಮನೆಯವರನ್ನು ಒಂದು ಮಾತು ಕೇಳಿಬಿಡಿ, ಖುಷಿಯಿಂದ ಒಪ್ಪಬಹುದು.

ಕೊನೆಗೆ ಪೆನ್‌ಡ್ರೈವ್. ಅದರ ಫಾರ್ಮ್ಯಾಟ್ (ಫೈಲು ಜೋಡಿಸಿಡುವ ಬಗೆ) ಫ್ಯಾಟ್32 ಆಗಿರಲಿ, ಹಲವು ಸ್ಟೀರಿಯೊಗಳಿಗೆ ಬೇರೆ ಬಗೆ ಅರ್ಥವಾಗುವುದಿಲ್ಲ. ಫೈಲಿನ ಹೆಸರು ಕನ್ನಡದಲ್ಲಿ ಇದ್ದರೆ ಕಾರಿನ ಪರದೆಯಲ್ಲಿ ಸಾಲಾಗಿ ಚೌಕಗಳು ಕಾಣಬಹುದು. ಅದಕ್ಕೆ ಕಾರಿನ ಪ್ರತಿಗೆ ಮಾತ್ರ ಇಂಗ್ಲಿಷ್ ಅಕ್ಷರದ ಹೆಸರು ಕೊಡಿ, ಮೂಲದ ಫ್ಲ್ಯಾಕ್‌ನಲ್ಲಿ ಕನ್ನಡವೇ ಇರಲಿ. ಹೆಸರಿನ ಮುಂದೆ 01, 02 ಅಂತ ಅಂಕಿ ಹಾಕಿ, ಅದೇ ಸರದಿಯಲ್ಲಿ ಕಾಪಿ ಮಾಡಿ. ಕೆಲವು ಸ್ಟೀರಿಯೊಗಳು ಹೆಸರು ನೋಡುವುದೇ ಇಲ್ಲ, ಯಾವುದು ಮೊದಲು ಪೆನ್‌ಡ್ರೈವಿಗೆ ಬಿತ್ತೋ ಅದನ್ನೇ ಮೊದಲು ನುಡಿಸುತ್ತವೆ. ಸಂಧಾನಕ್ಕೆ ಮೊದಲೇ ಯುದ್ಧ ಮುಗಿದುಹೋದರೆ ಅಪ್ಪ ಸುಮ್ಮನಿರುವುದಿಲ್ಲ.

ಮೊದಲ ದಿನ ಹತ್ತೇ ಫೈಲು ಮಾಡಿ. ಎರಡು ವೇವ್‌ನಿಂದ, ಎರಡು ಸಿಡಿಯಿಂದ, ನಾಲ್ಕು ಎಎಂಆರ್, ಎರಡು ಓಪಸ್. ಕಾರಲ್ಲಿ ಹಾಕಿಕೊಂಡು ಶಿರಸಿ ಪೇಟೆಗೆ ಹೋಗಿ ಬನ್ನಿ. ಓಡದೆ ಹೋದದ್ದು ಯಾವುದು, ಅದನ್ನು ಯಾವ ಸಾಫ್ಟ್‌ವೇರಿನಲ್ಲಿ ಮಾಡಿದ್ದು, ಸ್ಟೀರಿಯೊ ಪರದೆಯಲ್ಲಿ ಏನು ತೋರಿಸಿತು ಅಂತ ಬರೆದು ಕಳಿಸಿ. ಉಳಿದ ರಾಶಿಗೆ ಕೈ ಹಾಕುವುದು ಅದಾದ ಮೇಲೆ.